ನೀರಲ್ಲಿ ಬಿಚ್ಚೋ ಎಳೆ, ನೀರಲ್ಲಿ ಮಾಡೋ ಸೋಲಾರ್

ಇವತ್ತಿನ ಮಾತು ಸೋಲಾರ್ ಬಗ್ಗೆ. ಆದ್ರೆ ಶುರು ಮಾಡೋದು ರೇಷ್ಮೆಯಿಂದ.

ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯವರಿಗೆ ರಾಮನಗರದ ಗೂಡಿನ ಮಾರ್ಕೆಟ್ ಹೊಸದೇನಲ್ಲ. ಗೂಡು ಕೊಂಡ ರೀಲರ್ ನೂಲು ತೆಗೆಯೋಕೆ ಮುಂಚೆ ಅದನ್ನ ಬಿಸಿನೀರಿಗೆ ಹಾಕ್ತಾರೆ. ಎಳೆಗಳನ್ನು ಅಂಟಿಸಿ ಹಿಡಿದಿರೋ ಸೆರಿಸಿನ್ ಅನ್ನೋ ಅಂಟು ಮೆತ್ತಗಾಗುತ್ತೆ, ಎಳೆ ಬಿಚ್ಚಿಕೊಳ್ಳುತ್ತೆ. ನೀರಿಲ್ಲದೆ ಎಳೆದ್ರೆ ತುಂಡು ತುಂಡು. ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ಮನೆ ಮೇಲೆ ಕಾಣೋ ಪ್ಯಾನೆಲ್‌ಗಳೆಲ್ಲ ಹೆಚ್ಚುಕಮ್ಮಿ ಸಿಲಿಕಾನ್. ಅದು ಕರಗೋಕೆ 1,414 ಡಿಗ್ರಿ ಬಿಸಿ ಬೇಕು. ಇದಕ್ಕೆ ಬದಲಿಯಾಗಿ ಬರ್ತಿರೋದು ಆರ್ಗ್ಯಾನಿಕ್ ಸೋಲಾರ್ ಸೆಲ್. ಆರ್ಗ್ಯಾನಿಕ್ ಅಂದ್ರೆ ಕೊಟ್ಟಿಗೆ ಗೊಬ್ಬರ ಅಲ್ಲ. ಇಂಗಾಲದಿಂದ ಆದ, ಪ್ಲಾಸ್ಟಿಕ್ ಥರದ ವಸ್ತು. ಇಂಕ್ ಮಾಡಿ ಹಾಳೆ ಮೇಲೆ ಪ್ರಿಂಟ್ ಹೊಡೀಬಹುದು. 1986ರಲ್ಲಿ ಚಿಂಗ್ ಟ್ಯಾಂಗ್ ತೋರಿಸಿದ ಸೆಲ್ ಬಿದ್ದ ಬೆಳಕಲ್ಲಿ ಸುಮಾರು 1 ಪರ್ಸೆಂಟ್ ಮಾತ್ರ ಕರೆಂಟ್ ಮಾಡ್ತಿತ್ತು. ಈಗ ಲ್ಯಾಬ್‌ಗಳಲ್ಲಿ 19 ಪರ್ಸೆಂಟ್ ದಾಟಿದೆ.

ತೊಂದರೆ ಎಲ್ಲಿ? ಒಳಗೆ ಹುಟ್ಟಿದ ಚಾರ್ಜ್ ಸಿಕ್ಕುಸಿಕ್ಕಾದ ದಾರೀಲಿ ಹೊರಗೆ ಬರಬೇಕು, ಎಷ್ಟೋ ಮಧ್ಯದಲ್ಲೇ ಕಳೆದುಹೋಗುತ್ತೆ. ಇಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಸಹಾಯಕ್ಕೆ ಬರುತ್ತೆ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಇಂಗಾಲದ ಕೊಳವೆ ಅದು. ಹಳೇ ರೋಡಲ್ಲಿ ರಾಮನಗರ, ಚನ್ನಪಟ್ಟಣದ ಪೇಟೆ ಒಳಗೆ ನುಗ್ಗಿ ಹೋಗೋದಕ್ಕೂ ಎಕ್ಸ್‌ಪ್ರೆಸ್‌ವೇ ಹಿಡಿಯೋದಕ್ಕೂ ಇರೋ ವ್ಯತ್ಯಾಸ ಅಂದ್ಕೊಳ್ಳಿ. ಹಾಗಂತ ಜಾಸ್ತಿ ಸುರಿಯೋ ಹಾಗಿಲ್ಲ. ಎರಡೂ ಕಡೆ ಮುಟ್ಟಿಬಿಟ್ರೆ ಶಾರ್ಟ್ ಸರ್ಕ್ಯೂಟ್.

ಈಗ ಅಸಲಿ ವಿಷಯ. ಈ ಇಂಕನ್ನ ಏನಲ್ಲಿ ಕರಗಿಸ್ತಾರೆ? ಹೆಚ್ಚಾಗಿ ಕ್ಲೋರೋಫಾರ್ಮ್, ಕ್ಲೋರೋಬೆಂಜೀನ್ ಥರದ ದ್ರಾವಕಗಳಲ್ಲಿ. ಲ್ಯಾಬಲ್ಲಿ ಹೊಗೆ ಎಳ್ಕೊಳ್ಳೋ ಯಂತ್ರ ಇರುತ್ತೆ. ಫ್ಯಾಕ್ಟರಿ ಆದಾಗ? ದಿನಕ್ಕೆ ಎಂಟು ಗಂಟೆ ಆ ಮಷೀನ್ ಪಕ್ಕ ನಿಲ್ಲೋರು ನಮ್ಮ ನಿಮ್ಮಂಥ ಹುಡುಗ್ರು, ಹುಡುಗೀರು.

ಅದಕ್ಕೇ ನೀರಿನ ದಾರಿ. ನ್ಯಾನೊಟ್ಯೂಬ್ ನೀರಲ್ಲಿ ಕರಗಲ್ಲ, ಒಂದಕ್ಕೊಂದು ಅಂಟ್ಕೊಂಡು ಗಂಟಾಗುತ್ತೆ. ಆದ್ರೆ ಸೋಪಿನಂಥ ವಸ್ತು ಸೇರಿಸಿ, ಅಲ್ಟ್ರಾಸೌಂಡ್ ಕೊಟ್ಟು ಅಲುಗಿಸಿದ್ರೆ ಬಿಡಿಬಿಡಿಯಾಗುತ್ತೆ. ನಮ್ಮ ರೇಷ್ಮೆ ಗೂಡಿನ ಕಥೆನೇ! ಸೆಲ್‌ನ ಪ್ಲಾಸ್ಟಿಕ್ಕನ್ನೂ ಹೀಗೇ ಸಣ್ಣ ಸಣ್ಣ ಕಣ ಮಾಡಿ ನೀರಲ್ಲಿ ತೇಲಿಸಬಹುದು. ಇನ್ನೊಂದು ಲಾಭ: ಒಂದು ಬಗೆಯ ನ್ಯಾನೊಟ್ಯೂಬನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ‘ಕ್ಯಾನ್ಸರ್ ತರಬಹುದಾದ’ ಪಟ್ಟಿಗೆ ಸೇರಿಸಿದೆ. ಒಣ ಪುಡಿ ಗಾಳೀಲಿ ಹಾರುತ್ತೆ, ನೀರಲ್ಲಿದ್ರೆ ಹಾಗೆ ಹಾರಲ್ಲ.

ಸಿಹಿ ಸುದ್ದಿ ಮಾತ್ರ ಹೇಳಿ ಹೋಗೋದು ಸರಿಯಲ್ಲ. ಆ ಸೋಪು ಉಳಿದ್ರೆ ಕರೆಂಟಿಗೇ ಅಡ್ಡ, ಹಾಗಾಗಿ ತೊಳೀಬೇಕು. ತೊಳೆದ ನೀರನ್ನ ಹಾಗೇ ಅರ್ಕಾವತಿಗೆ ಬಿಡೋಕಾಗುತ್ತಾ? ಇಲ್ಲ. ಜೊತೆಗೆ ನೀರಲ್ಲೇ ತಯಾರಾಗೋ ಈ ಸೆಲ್‌ಗೆ ಆಮೇಲೆ ತೇವ ಅಂದ್ರೆ ಆಗಲ್ಲ; ಗಾಳಿ, ತೇವ ಹೋಗದ ಹಾಗೆ ಮುಚ್ಚಬೇಕು. ನೀರಲ್ಲಿ ಮಾಡಿದ ಸೆಲ್‌ಗಳು ದ್ರಾವಕದಲ್ಲಿ ಮಾಡಿದವಕ್ಕಿಂತ ಇನ್ನೂ ಹಿಂದಿವೆ.

ಇದೆಲ್ಲ ಎಲ್ಲೋ ವಿದೇಶದ ಮಾತಲ್ಲ. 2003ರಲ್ಲಿ ಐಐಎಸ್‌ಸಿಯ ಎ. ಕೆ. ಸೂದ್ ತಂಡ ನ್ಯಾನೊಟ್ಯೂಬ್ ಮೇಲೆ ದ್ರವ ಹರಿಸಿದ್ರೆ ವೋಲ್ಟೇಜ್ ಹುಟ್ಟುತ್ತೆ ಅಂತ ತೋರಿಸ್ತು. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಕೆ. ಎಸ್. ನಾರಾಯಣ್ ತಂಡ ಪ್ಲಾಸ್ಟಿಕ್ ಸೋಲಾರ್ ಸೆಲ್ ಮೇಲೆ ಕೆಲಸ ಮಾಡಿದೆ.

‘ಹಾಗಾದ್ರೆ ಸೋಲಾರ್ ಹಾಕ್ಸೋಕೆ ಕಾಯಬೇಕಾ?’ ಅಂತ ಕೇಳ್ತೀರ. ಬೇಡ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೇಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ತನಕ ಸಬ್ಸಿಡಿ ಘೋಷಿಸಿದ್ರು. ಸಿಲಿಕಾನ್ ಹಾಕ್ಸೋರು ಅರ್ಜಿ ಹಾಕೋ ದಿನದ ನಿಯಮ ನೋಡ್ಕೊಂಡು ಹಾಕ್ಸಿ.

ನಾನು ಬಿಕಾಂ ಓದಿದೋನು, ಮೊದಲು ಕಣ್ಣು ಹೋಗೋದು ರೇಟಿನ ಕಡೆಗೇ. ವ್ಯಾಟಿಗೆ ಎಷ್ಟು, ಎಷ್ಟು ವರ್ಷ ಬಾಳಿಕೆ? ಮುಂದೆ ಹೊಸ ಪ್ಯಾನೆಲ್ ಮಾರೋಕೆ ಯಾರಾದ್ರೂ ಬಂದ್ರೆ ಇನ್ನೊಂದು ಪ್ರಶ್ನೆ ಸೇರಿಸಿ: ‘ಇದನ್ನ ಏನಲ್ಲಿ ಕರಗಿಸಿ ಮಾಡಿದ್ರಿ?’