ತಟ್ಟೆಯೊಳಗಿನ ದನಿ, ಬೀಸುಕಲ್ಲಿನ ಮುಂದಿನ ದನಿ

(ಕಲಬುರಗಿಯ ರೋಜಾದಲ್ಲಿ ರೈತ ಕುಟುಂಬಗಳ ಮುಂದೆ ಆಡಿದ ಮಾತು. ಓದುಗರಿಗಾಗಿ ಬರೆದುಕೊಟ್ಟದ್ದು.)



ದರ, ಸಾಲ, ಬಡ್ಡಿ ಇವುಗಳ ಮಾತು ಬಿಟ್ಟು ಈತ ಹಾಡಿನ ಮಾತು ಯಾಕ ತೆಗೆದ ಎಂದು ನೀವು ಕೇಳಬಹುದು. ಕೇಳ್ರಿ, ತಪ್ಪಿಲ್ಲ. ಆದರೆ ನಮ್ಮ ಹೊಲದಲ್ಲಿ ಬೆಳೆದದ್ದಕ್ಕೆ ಯಾರ ಹೆಸರು ಬೀಳುತ್ತದೆ ಎಂಬ ಪ್ರಶ್ನೆ ತೊಗರಿಗಷ್ಟೇ ಅಲ್ಲ, ನಮ್ಮ ಹೆಣ್ಣುಮಕ್ಕಳ ಬಾಯಿಂದ ಬಂದ ಪದಕ್ಕೂ ಇದೆ.

ಎರಡು ವರ್ಷ ನೆನಪಿಡ್ರಿ: 1931 ಮತ್ತು 1932.

1931ರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಕೇಳಿ ಬರೆದುಕೊಂಡ ಪದಗಳನ್ನು ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದರು. ಬೀಸುವಾಗ, ಕುಟ್ಟುವಾಗ, ತವರು ನೆನೆದಾಗ ಹಾಡಿದ ಪದಗಳು. ಓದು ಬಾರದವರ ಬಾಯಲ್ಲಿ ಇಂಥ ಕಾವ್ಯ ಇದೆಯೇ ಎಂದು ದೊಡ್ಡ ದೊಡ್ಡ ಪಂಡಿತರೇ ಬೆರಗಾದರು. ಆ ಗೆಳೆಯರ ಉಪಕಾರ ಮರೆಯುವಂಥದ್ದಲ್ಲ.

1932ರಲ್ಲಿ ಹುಬ್ಬಳ್ಳಿಯ ಹತ್ತೊಂಬತ್ತು ವರ್ಷದ ಒಬ್ಬ ಹೆಣ್ಣುಮಗಳು ಮುಂಬಯಿಗೆ ಹೋಗಿ ಎಚ್.ಎಂ.ವಿ. ಕಂಪನಿಯ ಯಂತ್ರದ ಮುಂದೆ ನಿಂತು ಹಾಡಿದಳು. ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ ಹುಬ್ಬಳ್ಳಿ’. ಆಕೆಯ ನಿಜವಾದ ಹೆಸರು ಗಂಗೂಬಾಯಿ ಹಾನಗಲ್.

ಒಂದು ವರ್ಷದ ಅಂತರ. ಪುಸ್ತಕದಲ್ಲಿ ಮಾತು ಉಳಿಯಿತು, ದನಿ ಉಳಿಯಲಿಲ್ಲ, ಹಾಡಿದವಳ ಹೆಸರೂ ಉಳಿಯಲಿಲ್ಲ. ಗರತಿಯ ಹಾಡು ಎನ್ನುತ್ತೇವೆ. ಯಾವ ಗರತಿ? ಯಾವ ಊರವಳು? ಯಾರ ಮಗಳು? ತಟ್ಟೆಯಲ್ಲಿ ದನಿ ಉಳಿಯಿತು, ಹೆಸರೂ ಉಳಿಯಿತು, ಬದಲಾದ ಹೆಸರೇ ಆದರೂ. ಇವತ್ತು ನಾನು ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನೇ.

ಗಂಗೂಬಾಯಿಯವರು ಹಾಡಿದ್ದು ಶಾಸ್ತ್ರೀಯ ಸಂಗೀತ, ಜಾನಪದ ಅಲ್ಲ, ಇದು ನನಗೆ ಗೊತ್ತು. ಆದರೆ ಅವರು ಯಾವ ನೆಲದಿಂದ ಬಂದರು ನೋಡ್ರಿ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ದೋಣಿ ನಡೆಸುವ ಅಂಬಿಗರ ಕುಲ. ಹಾಡುವ ಮನೆತನದ ಹೆಣ್ಣು ಅಂದರೆ ಓಣಿಯವರ ಕಣ್ಣಲ್ಲಿ ಎಷ್ಟರವಳು! ಹುಡುಗಿ ಪಕ್ಕದ ತೋಟಕ್ಕೆ ಮಾವಿನಹಣ್ಣಿಗೆ ಹೋದರೆ ಹಾಡುವವರ ಮಗಳು ನಮ್ಮ ತೋಟ ಮೆಟ್ಟಿದಳೆಂದು ಬೈದು ಅಟ್ಟಿದರಂತೆ. ಮುಂದೆ ಅಂಥವರೇ ಮನೆಗೆ ಕರೆದು ಸತ್ಕಾರ ಮಾಡಿದರಂತೆ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಗಾಂಧೀಜಿ ಅಧ್ಯಕ್ಷರಾಗಿದ್ದ ಸಭೆಯಲ್ಲಿ, ಈ ಹುಡುಗಿ ಸ್ವಾಗತಗೀತೆ ಹಾಡಿದಳು. ಹಾಡಲಿಕ್ಕೆ ಅಂಜಿಕೆ ಇರಲಿಲ್ಲ. ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳ್ತಾರೇನೋ ಎಂಬುದೇ ಅಂಜಿಕೆಯಾಗಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹನ್ನೊಂದು ವರ್ಷದ ಕೂಸಿಗೆ ಈ ಲೆಕ್ಕ ಯಾರು ಕಲಿಸಿದರು?

ತಾಯಿಯದು ಇನ್ನೊಂದು ಕತೆ. ಮಗಳು ಹಿಂದೂಸ್ತಾನಿ ಕಲಿಯಬೇಕು, ತನ್ನ ಹಾಡು ಅವಳ ಕಿವಿಗೆ ಬಿದ್ದರೆ ಕಲಿಕೆ ಕಲಬೆರಕೆ ಆದೀತು ಎಂದು ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ಬಿಟ್ಟರು. ಮಗಳಿಗಾಗಿ ಹುಬ್ಬಳ್ಳಿಗೆ ಬಂದು ನೆಲೆಸಿದರು. ಮಗಳ ಮೊದಲ ತಟ್ಟೆಗಳಾದ 1932ರಲ್ಲೇ ತೀರಿಕೊಂಡರು. ಮಗಳ ದನಿ ಅರಗಿನಲ್ಲಿ ಉಳಿಯಿತು, ತಾಯಿಯ ದನಿ ಕೇಳಿದವರ ನೆನಪಿಗೇ ಹೋಯಿತು.

ಅರಗು ಅಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರ ಇದು ಒಕ್ಕಲುತನದ ಮಾತು. ಆ ಕಾಲದ ಗ್ರಾಮಫೋನ್ ತಟ್ಟೆ ಪ್ಲಾಸ್ಟಿಕ್ಕಿನದಲ್ಲ. ಮುತ್ತುಗ, ಬಾರಿ, ಕುಸುಮ ಮರಗಳ ರೆಂಬೆಗೆ ಕೂತ ಹುಳ ಒಸರುವ ಅರಗನ್ನು ಕೆರೆದು, ಕರಗಿಸಿ, ಕಲ್ಲಿನ ಪುಡಿ ಬೆರೆಸಿ ಒತ್ತಿದ್ದು. ಲೋಕದ ಬಹುಪಾಲು ಅರಗು ನಮ್ಮ ದೇಶದ್ದೇ, ಅದರಲ್ಲೂ ಛೋಟಾನಾಗಪುರದ ಕಾಡಿನ ಆದಿವಾಸಿಗಳು ಕೆರೆದದ್ದು. ಹಾಡುವವರೂ ಇಲ್ಲಿಯವರೇ. ಮೊದಲು ತಟ್ಟೆ ಒತ್ತುತ್ತಿದ್ದುದು ಮಾತ್ರ ಜರ್ಮನಿಯಲ್ಲಿ, ಆಮೇಲೆ ಕಲ್ಕತ್ತೆಯಲ್ಲಿ. ಕಚ್ಚಾ ಮಾಲು ಯಾರದು, ಕಾರಖಾನೆ ಯಾರದು ಎಂಬುದನ್ನು ಹತ್ತಿ ಬೆಳೆದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕು. ಇದು ದೊಡ್ಡ ಹಿಂಸೆ ಎಂದು ಕೆಲವು ಉಸ್ತಾದರು ಯಂತ್ರದ ಹತ್ತಿರ ಸುಳಿಯಲಿಲ್ಲ. ಮೊದಲು ಧೈರ್ಯ ಮಾಡಿದವರು ಹೆಂಗಸರು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬಾಕೆ ಹಾಡಿದರು. ಒಂದು ಸರದಿಗೆ 3,000 ರೂಪಾಯಿ ಕೇಳಿದರೆಂದು ಪ್ರಸಿದ್ಧಿ. ತನ್ನ ಮಾಲಿಗೆ ತಾನೇ ದರ ಹೇಳಿದ ಹೆಂಗಸು! ನಮಗೆ ಇನ್ನೂ ಆ ಯೋಗ ಬಂದಿಲ್ಲ. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದರು. ಜರ್ಮನಿಯಲ್ಲಿ ಚೀಟಿ ಹಚ್ಚುವವರಿಗೆ ಇದು ಯಾರ ತಟ್ಟೆ ಎಂದು ತಿಳಿಯಬೇಕಲ್ಲ, ಅದಕ್ಕೆ. ಕಂಪನಿಯ ಅನುಕೂಲಕ್ಕೆ ಮಾಡಿದ್ದಾದರೂ ಆ ಕೂಗು ನನಗೆ ಬಹಳ ಹಿಡಿಸುತ್ತದೆ. ನಾನೇ ಹಾಡಿದ್ದು, ನನ್ನ ಹೆಸರು ಇದು ಎಂದು ಸಾರಿದ ಹಾಗೆ ಅದ. ಆ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಮತ್ತೆ ಗಂಗೂಬಾಯಿಯವರ ವಿಷಯಕ್ಕೆ ಬರ್ತೀನಿ. ನಮಗೆಲ್ಲ ಗೊತ್ತಿರುವ ಅವರ ದನಿ ಯಾವುದು? ಗಂಡುದನಿಯ ಹಾಗೆ ಗಡಸು, ತುಂಬಿದ ಕೊಡದಂಥ ದನಿ. ರೇಡಿಯೋದಲ್ಲಿ ಕೇಳಿದವರು ಗಂಡಸೋ ಹೆಂಗಸೋ ಎಂದು ತಡವರಿಸುತ್ತಿದ್ದರು. ಆದರೆ 1930ರ ದಶಕದ ಆ ತಟ್ಟೆಗಳಲ್ಲಿ, ಜಿ.ಎನ್. ಜೋಶಿಯವರ ಜೊತೆಗೆ ಹಾಡಿದ ಮರಾಠಿ ಭಾವಗೀತೆಯಲ್ಲಿ, ಇರುವುದು ತೆಳ್ಳಗಿನ, ಏರಿದ, ಎಳೆಯ ಹೆಣ್ಣುದನಿ. ಮುಂದೆ ಗಂಟಲ ಬೇನೆಯಾಗಿ ಚಿಕಿತ್ಸೆಯಾದ ಮೇಲೆ ದನಿ ದಪ್ಪವಾಯಿತು. ಇನ್ನೊಬ್ಬರಾಗಿದ್ದರೆ ಹಾಡು ಬಿಟ್ಟು ಕೂಡುತ್ತಿದ್ದರು. ಇವರು ಒಡೆದ ದನಿಯನ್ನೇ ಹದ ಮಾಡಿಕೊಂಡರು. ಗುರು ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈ 21ರಂದು ತೀರಿಕೊಳ್ಳುವವರೆಗೂ ಲೋಕ ಆ ಎರಡನೆಯ ದನಿಗೇ ತಲೆಬಾಗಿತು. ಆ ಮೊದಲನೆಯ ದನಿ ಮಾತ್ರ ಇವತ್ತಿಗೂ ಆ ಅರಗಿನ ತಟ್ಟೆಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ತಟ್ಟೆ ಇರದಿದ್ದರೆ ಅಂಥದೊಂದು ದನಿ ಇತ್ತೆಂದರೆ ನಾವು ನಂಬುತ್ತಿರಲಿಲ್ಲ.

ಈಗ ನಮ್ಮ ಕಡೆ ನೋಡ್ರಿ. ನಾವು ಕೂತಿರುವ ಈ ರೋಜಾ ಖ್ವಾಜಾ ಬಂದೇನವಾಜರ ನೆಲ. ಅವರ ಹೆಸರಿನಲ್ಲಿ ಹೇಳುವ ‘ಚಕ್ಕಿನಾಮಾ’ ಎಂಬ ದಖನಿ ಪದಗಳಿವೆ. ಚಕ್ಕಿ ಅಂದರೆ ಬೀಸುಕಲ್ಲು. ಬೀಸುವ ಹೆಂಗಸರು ಕಲ್ಲಿನ ಗೂಟ ಹಿಡಿದು ತಿರುವುತ್ತ ದೇವರನ್ನು ನೆನೆಯಲಿ ಎಂದು ಕಟ್ಟಿದವು. ಈ ಓಣಿಯಲ್ಲಿ ಉರ್ದು ಮಾತಾಡುವ ತಾಯಿ, ಕಮಲಾಪುರದ ಕಡೆ ಕನ್ನಡ ಮಾತಾಡುವ ತಾಯಿ, ಇಬ್ಬರೂ ಬೀಸಿದ್ದು ಅದೇ ಜೋಳ, ಕೋಳಿ ಕೂಗುವ ಅದೇ ಹೊತ್ತಿನಲ್ಲಿ. ಗಿರಣಿ ಬಂತು, ಬೀಸುವ ಪದ ಹೋಯಿತು. ರಾಶಿ ಮಾಡುವ ಯಂತ್ರ ಬಂತು, ಹಂತಿ ಪದ ಹೋಯಿತು. ಗಿರಣಿ ಬೇಡ ಎನ್ನುವ ಹುಚ್ಚ ನಾನಲ್ಲ. ನಮ್ಮವ್ವನ ರಟ್ಟೆ ನೋಡಿದ್ದೀನಿ. ರಟ್ಟೆಗೆ ಸುಖವಾಯಿತು, ಒಳ್ಳೆಯದೇ. ಪದ ಯಾರೂ ತೆಗೆದಿಡಲಿಲ್ಲ, ಅದೇ ಸಂಕಟ.

ಹಾಡಿದವಳಿಗೆ ಹೆಸರು ಬರುವುದು ಆಗದ ಮಾತೇನಲ್ಲ. ಬಳ್ಳಾರಿ ಸೀಮೆಯ ದರೋಜಿ ಈರಮ್ಮ, ಓದು ಬಾರದ ಬುರ್ರಕಥೆಯ ತಾಯಿ, 2014ರಲ್ಲಿ ತೀರಿಕೊಂಡರು. ಅವರ ಬಾಯಿಯ ಕಾವ್ಯ ಅವರ ಹೆಸರಿನಲ್ಲೇ ಪುಸ್ತಕವಾಗಿದೆ. ಅಂಕೋಲಾದ ಹಾಲಕ್ಕಿ ಒಕ್ಕಲಗಿತ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಸಾರಾಯಿ ವಿರುದ್ಧವೂ ನಿಂತ ಹೆಣ್ಣುಮಗಳು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಇಬ್ಬರ ದನಿಯೂ ಉಳಿದಿದೆ. ನಮ್ಮ ಊರೂರಿಗೂ ಒಬ್ಬ ಸುಕ್ರಜ್ಜಿ ಇದ್ದಳು, ಕೆಲವು ಊರಲ್ಲಿ ಇನ್ನೂ ಇದ್ದಾಳೆ. ಕಮಲಾಪುರದ ಕೆಂಪು ಬಾಳೆಗೆ, ಕಲಬುರಗಿ ತೊಗರಿಗೆ ಊರಿನ ಹೆಸರಿನ ಗುರುತು ಸಿಕ್ಕಿದೆ. ಬಾಳೆಗೆ ಸಿಕ್ಕ ಹೆಸರು ಅಜ್ಜಿಗೆ ಸಿಗಬಾರದೇ?

ಈಗ ಮುಂಬಯಿಗೆ ಹೋಗುವ ಖರ್ಚಿಲ್ಲ, ಅರಗು ಬೇಡ, ಮೂರು ನಿಮಿಷದ ಕಟ್ಟಳೆ ಇಲ್ಲ. ನಿಮ್ಮ ಮಕ್ಕಳ ಕೈಯಲ್ಲೇ ಯಂತ್ರ ಇದೆ. ಆದರೆ ಅಜ್ಜಿಯನ್ನು ಕೇಳದೆ ಹಿಡೀಬ್ಯಾಡ್ರಿ. ಯಾತಕ್ಕೆ ಹಿಡೀತೀವಿ, ಯಾರಿಗೆ ಕೇಳಿಸ್ತೀವಿ ಎಂದು ಮೊದಲು ಹೇಳ್ರಿ. ಬ್ಯಾಡ ಅಂದರೆ ಸುಮ್ಮನೆ ಎದ್ದು ಬರ್ರಿ. ಒಪ್ಪಿದರೆ ಆಕೆಯ ಹೆಸರು, ತವರೂರು, ಯಾರಿಂದ ಕಲಿತಳು, ಎಲ್ಲವನ್ನೂ ಆಕೆಯ ಬಾಯಲ್ಲೇ ಹೇಳಿಸ್ರಿ, ಗೌಹರ್ ಜಾನ್ ಹೇಳಿದ ಹಾಗೆ. ಪಟ್ಟಣದವರು ಬಂದು ಹಿಡಿದುಕೊಂಡು ಹೋದರೆ ಒಂದು ಪ್ರತಿ ಊರಲ್ಲಿ ಬಿಟ್ಟು ಹೋಗಲು ಹೇಳ್ರಿ. ದುಡ್ಡಿನ ವ್ಯವಹಾರವಿದ್ದರೆ ಆಕೆಯ ಪಾಲೆಷ್ಟು ಎಂದು ಮೊದಲೇ ಕೇಳ್ರಿ. ನಾಚಿಕೆ ಬ್ಯಾಡ.

ಇನ್ನೊಂದು. ಬರೀ ಕೂಡಿಸಿ ಹಾಡು ಅಂದರೆ ಅಜ್ಜಿಗೆ ಎರಡು ನುಡಿಯಾದ ಮೇಲೆ ಮರೆತು ಹೋಗುತ್ತದೆ. ಮೂಲೆಯಲ್ಲಿ ಬಿದ್ದಿರುವ ಬೀಸುಕಲ್ಲು ತೊಳೆದು ಮುಂದಿಡ್ರಿ, ಒಂದು ಹಿಡಿ ಜೋಳ ಹಾಕ್ರಿ, ಎದುರಿಗೆ ಸೊಸೆಯೋ ಮಗಳೋ ಕೂತು ಗೂಟಕ್ಕೆ ಕೈ ಕೊಡಲಿ. ಕೈ ತಿರುಗಲು ಹತ್ತಿತೆಂದರೆ ಪದ ತಾನಾಗಿ ಬರುತ್ತದೆ. ಕಲ್ಲಿನ ಸದ್ದು ಸೇರಿಕೊಳ್ಳುತ್ತದೆಂದು ನಿಲ್ಲಿಸಬ್ಯಾಡ್ರಿ, ಅದೂ ಹಾಡಿನೊಳಗಿನದೇ.