ಹೆಂಚಿನ ಊರು



ಕಡಲದಂಡೆಯ ಒಂದು ಸಣ್ಣ ಕೈಗಾರಿಕಾ ಪಟ್ಟಣದ ವಿಷಯವಾಗಿ ಈ ಸಂಜೆ ನಾವು ನಾಲ್ಕು ಮಾತು ಹೇಳಬೇಕಾಗಿದೆ. ಅಂತಹ ಪಟ್ಟಣವೆಂದೊಡನೆ ನಮ್ಮಂತಹ ಇಂಗ್ಲಿಷ್ ಓದಿದವರ ಮನಸ್ಸು ಜಪಾನಿಗೋ ಜರ್ಮನಿಗೋ ಹೊರಟುಬಿಡುವುದು ವಾಡಿಕೆ. ನಾವೂ ಮೊದಲು ಜಪಾನಿನ ಭೂಪಟವನ್ನೇ ಬಿಚ್ಚಿಕೊಂಡು ಕುಳಿತಿದ್ದೆವು. ಹೊರಗೆ ಆಟಿ ತಿಂಗಳ ಮಳೆ. ಮಾಡಿನಿಂದ ಒಂದು ಹನಿ ಭೂಪಟದ ಮೇಲೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಮಂಗಳೂರಿನ ಮಣ್ಣಗುಡ್ಡದಲ್ಲಿರುವ ನಮ್ಮದು ಹೆಂಚಿನ ಮನೆ. ಗಾಳಿಗೆ ಉದುರಿದ ತೆಂಗಿನಕಾಯಿಯೊಂದು ಎರಡು ಹೆಂಚುಗಳನ್ನು ಒಡೆದಿತ್ತು. ಆ ಎರಡು ಹೆಂಚುಗಳನ್ನು ಹುಡುಕಲು ಹೊರಟ ನಾವು ನಮ್ಮ ಊರನ್ನೇ ಒಂದಿಷ್ಟು ಹುಡುಕಿದಂತಾಯಿತು. ಆದುದರಿಂದ ಇಂದಿನ ಭಾಷಣದಲ್ಲಿ ಜಪಾನಿನ ಮಾತು ಸ್ವಲ್ಪ, ಮಂಗಳೂರಿನ ಮಾತು ಹೆಚ್ಚು.

ಭೂಪಟದಲ್ಲಿ ನಾವು ನೋಡುತ್ತಿದ್ದ ಊರಿನ ಹೆಸರು ತಕಹಾಮ. ಐಚಿ ಪ್ರಾಂತದಲ್ಲಿ, ನಗೋಯ ಮಹಾನಗರಕ್ಕೆ ಸಮೀಪವಾಗಿ, ಒಂದು ಕಿರಿದಾದ ಕೊಲ್ಲಿಯ ದಡದಲ್ಲಿ ಅದು ಇದೆ. ಅದರ ವಿಸ್ತೀರ್ಣ ಸುಮಾರು 13 ಚದರ ಕಿಲೋಮೀಟರು. 2020ರ ಗಣತಿಯಲ್ಲಿ ಜನಸಂಖ್ಯೆ 46 ಸಾವಿರದಷ್ಟು. 1970ರಲ್ಲಿ ಅದಕ್ಕೆ ನಗರವೆಂಬ ಪದವಿ ದೊರೆಯಿತು. ಅಲ್ಲಿಯ ಹಳೆಯ ಕಸುಬು ಹೆಂಚು. ಸುತ್ತಣ ಬಯಲಿನಲ್ಲಿ ಒಳ್ಳೆಯ ಆವೆಮಣ್ಣು. ಮುಂದೆ ಕಡಲಿನ ದಾರಿ. ಇಂದು ಟೋಕಿಯೋ ಎನಿಸಿಕೊಂಡಿರುವ ಎಡೋ ಪಟ್ಟಣವು ಮತ್ತೆ ಮತ್ತೆ ಬೆಂಕಿಗೆ ತುತ್ತಾಗುತ್ತಿದ್ದುದರಿಂದ 18ನೆಯ ಶತಮಾನದಲ್ಲಿ ಅಲ್ಲಿಯ ಸರಕಾರವು ಹೆಂಚಿನ ಮಾಡುಗಳಿಗೆ ಪ್ರೋತ್ಸಾಹ ಕೊಟ್ಟಿತು. ಈ ಸೀಮೆಯ ಹೆಂಚುಗಳು ಹಡಗೇರಿ ಅಲ್ಲಿಗೆ ಹೋದುವು. ಇಂದಿಗೂ ತಕಹಾಮವೂ ಅದರ ನೆರೆಯ ಊರುಗಳೂ ಸೇರಿ ಜಪಾನಿನ ಹೆಂಚುಗಳಲ್ಲಿ ಹೆಚ್ಚಿನ ಪಾಲನ್ನು ಸುಟ್ಟು ಕಳುಹಿಸುತ್ತವೆ. ಮಣ್ಣು, ನೀರು, ಬೆಂಕಿ, ಕಡಲು: ಇದು ನಮ್ಮ ಊರಿನ ಕಥೆಯೇ ಅಲ್ಲವೆ ಎಂದು ನಮಗೆ ಅನಿಸಿದ್ದು ಆಗ.

ಮಂಗಳೂರು ಎರಡು ಹೊಳೆಗಳ ನಡುವಣ ಊರು. ತೆಂಕಲಿಗೆ ನೇತ್ರಾವತಿ, ಬಡಗಲಿಗೆ ಫಲ್ಗುಣಿಯೆಂಬ ಗುರುಪುರ ಹೊಳೆ. ಎರಡೂ ಅಳಿವೆಬಾಗಿಲಲ್ಲಿ ಕೂಡಿ ಕಡಲನ್ನು ಸೇರುತ್ತವೆ. ಮಣ್ಣಗುಡ್ಡದಿಂದ ಪಡುವಲಿಗೆ ಇಳಿದು ಬೋಳೂರಿನ ಕಡೆಗೆ ನಡೆದರೆ, ಸುಲ್ತಾನ್ ಬತ್ತೇರಿಯ ಕಾವಲುಗೋಪುರದ ಬುಡದಲ್ಲಿ ಗುರುಪುರ ಹೊಳೆ ಕಾಣುತ್ತದೆ. ಅದರಾಚೆ ತಣ್ಣೀರುಬಾವಿಯ ಮರಳು, ಅದಕ್ಕೂ ಆಚೆ ಸಮುದ್ರ. ಈ ಹೊಳೆಗಳು ಘಟ್ಟದಿಂದ ಹೊತ್ತು ತರುವ ನುಣುಪಾದ ಮಣ್ಣು ದಡದ ಬಯಲುಗಳಲ್ಲಿ ತಲೆತಲಾಂತರದಿಂದ ತಂಗುತ್ತ ಬಂದಿದೆ. ಘಟ್ಟದ ಕಾಡಿನಲ್ಲಿ ಸೌದೆಯಿತ್ತು. ದೋಣಿ ಸಾಗಲು ಹೊಳೆಯಿತ್ತು. ಸರಕು ಸಾಗಲು ಬಂದರವಿತ್ತು. ಇಷ್ಟೆಲ್ಲ ಇದ್ದರೂ ಇಲ್ಲಿಯ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲು ಅಥವಾ ಮಡಲಿನ ಹೊದಿಕೆಯೇ ಗತಿಯಾಗಿತ್ತು. ಕುಂಬಾರರು ತಿಗರಿಯ ಮೇಲೆ ತಿರುಗಿಸಿ ಮಾಡಿದ ಅರೆಗೊಳವೆಯ ಹೆಂಚು ಉಳ್ಳವರ ಮನೆಗೆ ಮಾತ್ರ. ಬೇಸಗೆಯಲ್ಲಿ ಒಂದು ಕಿಡಿ ಹಾರಿದರೆ ಕೇರಿಗೆ ಕೇರಿಯೇ ಉರಿದು ಹೋಗುವ ಭಯ. ಮಳೆಗಾಲ ಬಂತೆಂದರೆ ವರ್ಷವರ್ಷವೂ ಹೊದಿಕೆಯ ಖರ್ಚು.

1834ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದರು. ಅವರು ಬಂದುದು ಮತಪ್ರಚಾರಕ್ಕೆ. ಆದರೆ ಊರಿನ ಮೇಲೆ ಉಳಿದ ಗುರುತುಗಳು ಬೇರೆ ಬಗೆಯವೂ ಹೌದು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1894ರಲ್ಲಿ ಕಿಟ್ಟೆಲರ ನಿಘಂಟು, ಇವನ್ನು ಶ್ರೋತೃಗಳು ಬಲ್ಲರು. ಹೊಸ ಮತವನ್ನು ಸೇರಿದವರು ಅನೇಕರು ಕುಲದ ಕಸುಬನ್ನೂ ಮನೆಯ ಆಶ್ರಯವನ್ನೂ ಕಳೆದುಕೊಂಡಿದ್ದುದರಿಂದ ಅವರ ಹೊಟ್ಟೆಪಾಡಿಗೆ ದಾರಿ ಹುಡುಕಬೇಕಾಯಿತು. ಮೊದಲು ನೇಯ್ಗೆ, ತರುವಾಯ ಹೆಂಚು. ಪ್ಲೆಬ್‌ಸ್ಟ್ ಎಂಬ ಜರ್ಮನ್ ಯಂತ್ರಜ್ಞರು 1865ರಲ್ಲಿ ನೇತ್ರಾವತಿಯ ಸಮೀಪದ ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆಯನ್ನು ತೆರೆದರು. ಒಂದರ ತೋಡಿಗೆ ಇನ್ನೊಂದರ ಏಣು ಕೂಡುವ ಚಪ್ಪಟೆ ಹೆಂಚಿಗೆ ಅಲ್ಸೇಸಿನ ಗಿಲಾರ್ಡೋನಿ ಸಹೋದರರು 1841ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಅವರ ಊರು ಬಾಸೆಲಿಗೆ ದೂರವಲ್ಲ. ಯೂರೋಪಿನ ಆ ಕಲ್ಪನೆಯು ಇಲ್ಲಿಯ ಹೊಳೆಯ ಮಣ್ಣಿಗೆ ಕೂಡಿದಾಗ ಹುಟ್ಟಿದುದು ಮಂಗಳೂರು ಹೆಂಚು.

ಹೆಂಚು ಹೇಗಾಗುತ್ತದೆಂಬುದನ್ನು ಸಂಕ್ಷೇಪವಾಗಿ ಹೇಳಬೇಕು. ಏಕೆಂದರೆ ಅದನ್ನು ಕಂಡವರು ವರ್ಷೇ ವರ್ಷೇ ಕಡಮೆಯಾಗುತ್ತಿದ್ದಾರೆ. ದೋಣಿಗಳಲ್ಲಿ ಬಂದ ಮಣ್ಣನ್ನು ರಾಶಿ ಹಾಕಿ, ನೀರುಣಿಸಿ, ಕೆಲವು ಕಾಲ ಹದಗೊಳ್ಳಲು ಬಿಡುತ್ತಾರೆ. ತರುವಾಯ ಯಂತ್ರದಲ್ಲಿ ಅರೆದು, ಕಲ್ಲುಬೇರುಗಳನ್ನು ತೆಗೆದು, ಹಲಗೆಯಾಕಾರದ ಮುದ್ದೆಗಳಾಗಿ ಕತ್ತರಿಸುತ್ತಾರೆ. ಎಣ್ಣೆ ಸವರಿದ ಅಚ್ಚಿನಲ್ಲಿಟ್ಟು ಒತ್ತಿದರೆ ಹಸಿ ಹೆಂಚು ಸಿದ್ಧ. ಅಂಚನ್ನು ಕೈಯಿಂದ ಸವರಿ, ಮರದ ಅಟ್ಟಣೆಗಳಲ್ಲಿ ನೆರಳಿನಲ್ಲಿ ಒಣಗಿಸುತ್ತಾರೆ. ಅವಸರಪಟ್ಟು ಬಿಸಿಲಿಗಿಟ್ಟರೆ ಸೊಟ್ಟಗಾಗುವುದು. ಒದ್ದೆಯಿರುವಾಗಲೇ ಬೆಂಕಿಗಿಟ್ಟರೆ ಸಿಡಿಯುವುದು. ಬಳಿಕ ಭಟ್ಟಿಯಲ್ಲಿ ಪೇರಿಸಿ, ಮೆಲ್ಲನೆ ಉರಿ ಏರಿಸಿ, ಮೆಲ್ಲನೆ ಆರಿಸಬೇಕು. ಹೀಗೆ ಬೆಂದ ಹೆಂಚು ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಒಂದು ಚದರ ಮೀಟರು ಮಾಡಿಗೆ ಹದಿನೈದರಷ್ಟು ಸಾಕು. ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹೆಂಚು, ಮೊಳೆಯಿಲ್ಲ, ಗಾರೆಯಿಲ್ಲ. ಒಡೆದ ಒಂದನ್ನು ಎತ್ತಿ ಇನ್ನೊಂದನ್ನು ಸರಿಸಿದರಾಯಿತು.

ಈ ವಿದ್ಯೆ ಬಹುಕಾಲ ಮಿಷನಿನ ಆವರಣದೊಳಗೆ ಉಳಿಯಲಿಲ್ಲ. ಊರಿನ ಸಾಹುಕಾರರು ಕಲಿತರು. ಎರಡು ಹೊಳೆಗಳ ದಡದಲ್ಲಿಯೂ ಚಿಮಣಿಗಳು ಎದ್ದುವು. 1907ರಲ್ಲಿ ರೈಲು ಬಂತು. ಕರಾವಳಿಯ ಮಂಜಿಗಳಲ್ಲಿ ಮುಂಬಯಿಗೆ, ಸಿಂಹಳಕ್ಕೆ, ಆಫ್ರಿಕದ ಮೂಡಣ ಕರೆಗೆ ಹೆಂಚುಗಳು ಹೋದುವು. ಕಡೆಗೆ ಮಂಗಳೂರು ಎಂಬ ಹೆಸರೇ ಒಂದು ಮಾದರಿಯ ಹೆಸರಾಯಿತು. ಕಲ್ಲಿಕೋಟೆಯ ಬಳಿಯ ಫೆರೋಕಿನಲ್ಲಿ ಮಾಡಿದರೂ, ಗುಜರಾತಿನ ಮೋರ್ವಿಯಲ್ಲಿ ಮಾಡಿದರೂ ಅದು ಮಂಗಳೂರು ಹೆಂಚೇ. ಭಾರತೀಯ ಮಾನಕ ಸಂಸ್ಥೆಯ 654ನೆಯ ಮಾನಕದ ಶೀರ್ಷಿಕೆಯಲ್ಲಿಯೇ ನಮ್ಮ ಊರಿನ ಹೆಸರಿದೆ. ಮಣ್ಣಿನಿಂದ ಇಷ್ಟು ದೂರ ಹೆಸರಾದ ಊರು ನಮ್ಮ ನಾಡಿನಲ್ಲಿ ಬೇರೊಂದನ್ನು ನಾವು ಕಾಣೆವು.

ಆದರೆ ಹೊಗಳಿಕೆಯೊಂದೇ ಸತ್ಯವಾಗಲಾರದು. ಭಟ್ಟಿಗಳ ಬಾಯಿಗೆ ಘಟ್ಟದ ಕಾಡು ಸೌದೆಯಾಗಿ ಹೋಯಿತು. ಮಣ್ಣು ತೆಗೆದ ಗದ್ದೆಗಳು ಗುಂಡಿಗಳಾಗಿ ಉಳಿದುವು. ತಲೆಯ ಮೇಲೆ ಹಸಿ ಹೆಂಚುಗಳನ್ನು ಹೊತ್ತವರಲ್ಲಿ ಹೆಂಗಸರೇ ಬಹಳ. ಅವರ ಕೂಲಿ ಗಂಡಸರ ಕೂಲಿಗಿಂತ ಕಡಮೆ. ಈ ಊರಿನಲ್ಲಿ ಕಾರ್ಮಿಕ ಸಂಘಗಳು ಬೇರೂರಿದುದು ಹೆಂಚು, ಗೇರುಬೀಜ, ಬೀಡಿ ಈ ಮೂರು ಕಸುಬುಗಳ ಬೆವರಿನಲ್ಲಿ. ಹಳೆಯ ದಿನಗಳನ್ನು ನೆನೆದು ನಿಟ್ಟುಸಿರು ಬಿಡುವವರು ಆ ಬೆವರನ್ನೂ ನೆನೆಯತಕ್ಕದ್ದು.

ಊರಿನ ಎರಡನೆಯ ಅಧ್ಯಾಯ ಪಣಂಬೂರಿನಲ್ಲಿ ಆರಂಭವಾಯಿತು. ಹಳೆಯ ಬಂದರಕ್ಕೆ ಅಳಿವೆಯ ಮರಳುದಿಬ್ಬವೇ ದೊಡ್ಡ ಅಡ್ಡಿ. ದೊಡ್ಡ ಹಡಗುಗಳು ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲುತ್ತಿದ್ದುವು. ಸರಕು ಸಣ್ಣ ದೋಣಿಗಳಲ್ಲಿ ಹೋಗಿ ಬರಬೇಕಾಗಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ನೆಲವನ್ನು ಅಗೆದು ಕಡಲನ್ನು ಒಳಕ್ಕೆ ಬರಮಾಡಿಕೊಂಡು ಕಟ್ಟಿದ ನವ ಮಂಗಳೂರು ಬಂದರವು 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರವೆಂದು ಘೋಷಿತವಾಯಿತು; 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಮುಂದಿನ ವರ್ಷವೇ ರಸಗೊಬ್ಬರದ ಕಾರ್ಖಾನೆ, 1996ರಲ್ಲಿ ತೈಲ ಶುದ್ಧೀಕರಣದ ಸ್ಥಾವರ ಕೆಲಸಕ್ಕೆ ತೊಡಗಿದುವು. ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಕಲಸಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಪಣಂಬೂರಿಗೆ ಹರಿಯುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ಆ ಗಣಿ 2005ರ ಕೊನೆಗೆ ನಿಂತಿತು, ಹರಿವೂ ನಿಂತಿತು. ಈ ಎಲ್ಲ ಕೆಲಸಗಳಿಗಾಗಿ ನೆಲ ಬಿಟ್ಟ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಒಲೆ ಹೂಡಿದುವು.

ಈ ಎರಡು ಅಧ್ಯಾಯಗಳ ನಡುವೆ ನಾವು ಕಾಣುವ ವ್ಯತ್ಯಾಸವಿಷ್ಟೆ. ಹೆಂಚಿನ ಕಸುಬು ಈ ನೆಲದ ಮಣ್ಣಿನಿಂದ, ಈ ಊರಿನವರ ಕೈಯಿಂದ ಆದುದು. ಪಣಂಬೂರಿನ ಉದ್ಯಮವಾದರೋ ಬೇರೆಡೆಯ ಎಣ್ಣೆ, ಬೇರೆಡೆಯ ಅದಿರನ್ನು ನಂಬಿ ಬಂದುದು. ಆ ಸರಕು ನಿಂತರೆ ಅದೂ ನಿಲ್ಲುತ್ತದೆ. ಎರಡನೆಯದು ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯ ಒಲೆ ಅದರಿಂದಲೇ ಉರಿಯುತ್ತಿದೆ. ಆದರೆ ಮೊದಲನೆಯದು ನಮ್ಮ ಕಣ್ಣೆದುರಿನಲ್ಲಿಯೇ ಅಳಿಯುತ್ತಿರುವಾಗ ಅದರ ವಿದ್ಯೆಯನ್ನು ಬರೆದಿಟ್ಟುಕೊಳ್ಳುವ ಯೋಚನೆಯೂ ನಮಗೆ ಬರಲಿಲ್ಲವಲ್ಲ ಎಂಬುದು ನಮ್ಮ ಕೊರಗು. ಕಾಂಕ್ರೀಟಿನ ತಾರಸಿ ಬಂತು, ಮಣ್ಣು ದುರ್ಲಭವಾಯಿತು, ಊರೊಳಗಿನ ನೆಲಕ್ಕೆ ಬೆಲೆಯೇರಿತು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದುವು. ಚಿಮಣಿಯಿದ್ದಲ್ಲಿ ಬಹುಮಹಡಿಯ ವಸತಿಗಳು ಎದ್ದಿವೆ.

ತಕಹಾಮದಲ್ಲಿಯೂ ಈ ಸಂಕಟವಿಲ್ಲದಿಲ್ಲ. 1995ರ ಕೋಬೆ ಭೂಕಂಪದಲ್ಲಿ ಭಾರವಾದ ಹೆಂಚಿನ ಮಾಡುಗಳ ಮನೆಗಳು ಕುಸಿದುವೆಂದು ಜನ ಹೆಂಚಿಗೆ ಹೆದರಿದರು, ಹಗುರವಾದ ಹೊದಿಕೆಗಳು ಬಂದುವು, ಬೇಡಿಕೆ ಇಳಿಯಿತು. ಆದರೆ ಅದೇ 1995ರಲ್ಲಿ ಆ ಸಣ್ಣ ಊರು ಹೆಂಚಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ತೆರೆಯಿತು. ಮಾಡಿನ ತುದಿಯಲ್ಲಿ ಕೆಟ್ಟದ್ದನ್ನು ತಡೆಯಲೆಂದು ಇಡುವ ರಾಕ್ಷಸಮುಖದ ಹೆಂಚನ್ನು ಕೈಯಿಂದ ತಿದ್ದುವ ಕುಶಲಿಗಳಿಗೆ ಅಲ್ಲಿ ಪ್ರತ್ಯೇಕವಾದ ಹೆಸರೂ ಮರ್ಯಾದೆಯೂ ಇವೆ. ವ್ಯಾಪಾರ ತಗ್ಗಿದರೂ ವಿದ್ಯೆಗೆ ಅಲ್ಲಿ ಒಂದು ಮನೆಯುಂಟು.

ಇನ್ನು ನಮ್ಮ ಎರಡು ಹೆಂಚುಗಳ ಕಥೆ. ಅಂಗಡಿಯಲ್ಲಿ ಸಿಕ್ಕ ಹೊಸ ಹೆಂಚು ನಮ್ಮ ಹಳೆಯ ಹೆಂಚಿನ ತೋಡಿಗೆ ಕೂಡಲಿಲ್ಲ. ಒಂದೊಂದು ಅಚ್ಚಿನ ಅಳತೆ ಒಂದೊಂದು ಬಗೆ. ಕಡೆಗೆ ಹೊಳೆಬದಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದಿದ್ದ ಮುದುಕರೊಬ್ಬರು, ನೆರೆಯಲ್ಲಿ ಕೆಡವುತ್ತಿದ್ದ ಹಳೆಯ ಮನೆಯ ರಾಶಿಯ ಬಳಿಗೆ ನಮ್ಮನ್ನು ಕರೆದೊಯ್ದರು. ಒಂದೊಂದೇ ಹೆಂಚನ್ನೆತ್ತಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. "ಕಂಚಿನ ಸ್ವರ ಬಂದರೆ ಬೆಂದದ್ದು, ಮಾಷ್ಟ್ರೇ, ಮಡಕೆಯ ಸ್ವರ ಬಂದರೆ ಬಿಡಿ" ಎಂದು ತುಳುವಿನಲ್ಲಿ ಹೇಳಿದರು. ನಾವೂ ತಟ್ಟಿ ನೋಡಿದೆವು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನಮ್ಮ ಕಿವಿಗೆ ಎರಡೂ ಒಂದೇ ಆಗಿ ಕೇಳಿಸಿತು. ಅವರು ನಕ್ಕು, ಎರಡು ಹೆಂಚುಗಳನ್ನು ಆರಿಸಿಕೊಂಡು ಬಂದು ಮಾಡಿಗೆ ಹೊದಿಸಿದರು. ಸೋರುವುದು ನಿಂತಿತು.

ಅವರಿಗೆ ಈಗ ಎಂಬತ್ತರ ಸಮೀಪ. ಅಚ್ಚು, ಅಟ್ಟಣೆ, ಭಟ್ಟಿ, ಇವುಗಳ ಲೆಕ್ಕವೆಲ್ಲ ಅವರ ನೆನಪಿನಲ್ಲಿದೆ, ಕಾಗದದಲ್ಲಿಲ್ಲ. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ಒಂದು ಬೇಸಗೆಯ ರಜೆಯಲ್ಲಿ ಇಂತಹವರ ಜಗಲಿಯಲ್ಲಿ ಕುಳಿತು ಕೇಳಿ ಬರೆದುಕೊಂಡರೆ, ಮುರಿದು ಗುಜರಿಗೆ ಹೋಗುವ ಅಚ್ಚುಗಳಲ್ಲಿ ಹತ್ತನ್ನಾದರೂ ನಗರದವರು ಒಂದು ಕೋಣೆಯಲ್ಲಿ ಕೂಡಿಟ್ಟರೆ, ಅದು ದೊಡ್ಡ ಖರ್ಚಿನ ಕೆಲಸವಲ್ಲ. ಬರುವ ಆದಿತ್ಯವಾರ ನಾವು ಇಬ್ಬರು ವಿದ್ಯಾರ್ಥಿಗಳೊಡನೆ ಅವರ ಮನೆಗೆ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ತಮ್ಮ ತಮ್ಮ ಕೇರಿಯಲ್ಲಿ ಅಂತಹವರಿದ್ದರೆ ತಾವೂ ಒಮ್ಮೆ ಹೋಗಿ ಕೇಳಬೇಕೆಂದು ನಮ್ಮ ಪ್ರಾರ್ಥನೆ.