ಅನ್ಯರು ಎಣಿಸಿದ ಅಂಕಿಗಳು: ವಿದ್ಯಾರ್ಥಿಯ ವಾಣಿಜ್ಯ ಸಂಶೋಧನೆಗೊಂದು ಯೋಜನೆ

(ಮುಂಬಯಿಯಲ್ಲಿ ವಾಣಿಜ್ಯ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪದವಿಯ ಕೊನೆಯ ವರ್ಷದಲ್ಲಿ ನಿಮ್ಮಲ್ಲಿ ಅನೇಕರು ವಾಣಿಜ್ಯ ವಿಷಯದ ಮೇಲೆ ಒಂದು ಸಂಶೋಧನಾ ಪ್ರಬಂಧವನ್ನು ಒಪ್ಪಿಸಬೇಕಾಗುತ್ತದೆ. ಅದಕ್ಕೆ ದೊರೆಯುವ ಅವಧಿ ಮೂರು ನಾಲ್ಕು ತಿಂಗಳು ಮಾತ್ರ. ಹಗಲು ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡಿಗರ ಪರಂಪರೆ ಈ ನಗರಕ್ಕೆ ಹೊಸದಲ್ಲ. ಇಂದಿಗೂ ನಿಮ್ಮಲ್ಲಿ ಕೆಲವರು ದುಡಿಯುತ್ತಲೇ ಓದುತ್ತಿದ್ದೀರಿ. ಐನೂರು ಮಂದಿಯನ್ನು ಸಂದರ್ಶಿಸಲು ಅಂಥವರ ಬಳಿ ಸಮಯವೂ ಇಲ್ಲ, ಹಣವೂ ಇಲ್ಲ. ಈ ಇಕ್ಕಟ್ಟಿನಲ್ಲಿ ಕೆಲವರು ಪ್ರಶ್ನಾವಳಿಗಳನ್ನು ಕೋಣೆಯಲ್ಲಿ ಕುಳಿತು ತಾವೇ ತುಂಬಿಬಿಡುತ್ತಾರೆ. ಹಲವು ವರ್ಷ ಪ್ರಬಂಧಗಳನ್ನು ಓದಿದವನಾಗಿ ಈ ಮಾತನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಹೀಗೆ ತುಂಬಿದ ಪ್ರಶ್ನಾವಳಿ ಅಂಕಗಳನ್ನು ತಂದುಕೊಟ್ಟೀತು, ಆದರೆ ಅರಿವನ್ನು ತಂದುಕೊಡಲಾರದು.

ಇದಕ್ಕೊಂದು ಪ್ರಾಮಾಣಿಕ ಪರ್ಯಾಯವಿದೆ. ನಾವೇ ಕ್ಷೇತ್ರಕ್ಕೆ ಹೋಗಿ ಸಂಗ್ರಹಿಸುವ ಮಾಹಿತಿಗೆ ಪ್ರಾಥಮಿಕ ಅಂಕಿ-ಅಂಶಗಳೆಂದೂ, ಬೇರೊಬ್ಬರು ತಮ್ಮ ಉದ್ದೇಶಕ್ಕಾಗಿ ಈಗಾಗಲೇ ಸಂಗ್ರಹಿಸಿ ಪ್ರಕಟಿಸಿರುವ ಮಾಹಿತಿಗೆ ದ್ವಿತೀಯಕ ಅಂಕಿ-ಅಂಶಗಳೆಂದೂ ಹೆಸರು. ಜನಗಣತಿಯ ಕೋಷ್ಟಕಗಳು, ರಿಸರ್ವ್ ಬ್ಯಾಂಕಿನ ಪ್ರಕಟಣೆಗಳು, ಕಂಪನಿಗಳ ವಾರ್ಷಿಕ ವರದಿಗಳು ಈ ಎರಡನೆಯ ಬಗೆಗೆ ಸೇರುತ್ತವೆ. ಇವುಗಳಲ್ಲಿ ಬಹಳಷ್ಟು ಗ್ರಂಥಾಲಯಗಳಲ್ಲಿಯೂ ಜಾಲತಾಣಗಳಲ್ಲಿಯೂ ವೆಚ್ಚವಿಲ್ಲದೆ ದೊರೆಯುತ್ತವೆ. ಇವನ್ನು ಆಧರಿಸಿದ ಅಧ್ಯಯನ ಕೀಳುದರ್ಜೆಯದೆಂಬ ಭಾವನೆ ಕೆಲವರಲ್ಲಿದೆ. ಅದು ಸರಿಯಲ್ಲ.

ದಾದಾಭಾಯಿ ನವರೋಜಿಯವರ ಉದಾಹರಣೆಯನ್ನು ನೋಡಿ. ಇದೇ ನಗರದ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಗಣಿತ ಬೋಧಿಸಿದ್ದ ಅವರು, 1876ರಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ನಿನ ಮುಂಬಯಿ ಶಾಖೆಯ ಮುಂದೆ ಭಾರತದ ಬಡತನವನ್ನು ಕುರಿತ ಪ್ರಬಂಧವನ್ನು ಮಂಡಿಸಿದರು. ಅದಕ್ಕಾಗಿ ಅವರು ಮನೆಮನೆ ಸಮೀಕ್ಷೆ ನಡೆಸಲಿಲ್ಲ. ಬ್ರಿಟಿಷ್ ಸರ್ಕಾರವೇ ಪ್ರಕಟಿಸಿದ್ದ ಆಡಳಿತ ವರದಿಗಳಿಂದ ಬೆಳೆ, ಇಳುವರಿ ಮತ್ತು ಬೆಲೆಗಳ ವಿವರಗಳನ್ನು ಆಯ್ದುಕೊಂಡು, 1867–68ರ ಸುಮಾರಿಗೆ ಭಾರತೀಯನ ವಾರ್ಷಿಕ ತಲಾ ಆದಾಯ 20 ರೂಪಾಯಿಗಳೆಂದು ಅಂದಾಜಿಸಿದರು. ಆಳುವವರ ಅಂಕಿಗಳಿಂದಲೇ ಆಳ್ವಿಕೆಯ ಪರಿಣಾಮವನ್ನು ತೋರಿಸಿದ ಕೃತಿ ಅದು.

ಅವರು ಆ ಅಂಕಿಗಳನ್ನು ಕಣ್ಣುಮುಚ್ಚಿ ನಕಲು ಮಾಡಲಿಲ್ಲವೆಂಬುದು ನಮಗೆ ಇನ್ನೂ ಮುಖ್ಯವಾದ ಸಂಗತಿ. ಅಧಿಕಾರಿಗಳು ಜಿಲ್ಲೆಗಳ ಬೆಲೆಗಳನ್ನು ಕೂಡಿಸಿ, ಜಿಲ್ಲೆಗಳ ಸಂಖ್ಯೆಯಿಂದ ಭಾಗಿಸಿ ಸರಾಸರಿ ತೆಗೆಯುತ್ತಿದ್ದ ಕ್ರಮವನ್ನು ಅವರು ಆಕ್ಷೇಪಿಸಿದರು. ಒಂದು ಕಡೆ 90 ಮೂಟೆ ಧಾನ್ಯ ಮೂಟೆಗೆ 2 ರೂಪಾಯಿಯಂತೆಯೂ, ಇನ್ನೊಂದು ಕಡೆ 10 ಮೂಟೆ 4 ರೂಪಾಯಿಯಂತೆಯೂ ಮಾರಾಟವಾಯಿತೆಂದು ಭಾವಿಸಿ. ಬೆಲೆಗಳೆರಡನ್ನೇ ಕೂಡಿ ಭಾಗಿಸಿದರೆ ಸರಾಸರಿ 3 ರೂಪಾಯಿ. ನಿಜವಾದ ಸರಾಸರಿಯಾದರೋ 2 ರೂಪಾಯಿ 20 ಪೈಸೆ. ಅನ್ಯರು ಎಣಿಸಿದ ಅಂಕಿಯನ್ನು ಬಳಸುವವನು ಅದನ್ನು ಅವರು ಹೇಗೆ ಎಣಿಸಿದರೆಂಬುದನ್ನು ಮೊದಲು ಅರಿಯಬೇಕು. ಈ ಉಪನ್ಯಾಸದ ತಿರುಳೂ ಇಷ್ಟೇ.

ಪ್ರಶ್ನೆ ಮೊದಲು, ಅಂಕಿ ಅನಂತರ

ನಿಮಗೆಲ್ಲ ಪರಿಚಿತವಾದ ಕಾಫಿಯನ್ನೇ ವಿಷಯವಾಗಿ ತೆಗೆದುಕೊಳ್ಳೋಣ. 'ಭಾರತದ ಕಾಫಿ ಉದ್ಯಮ: ಒಂದು ಅಧ್ಯಯನ' ಎಂಬ ಶೀರ್ಷಿಕೆಯನ್ನು ವಿದ್ಯಾರ್ಥಿಯೊಬ್ಬ ತಂದರೆ ನಾನು ಹಿಂದಕ್ಕೆ ಕಳುಹಿಸುತ್ತೇನೆ. ಅದರಲ್ಲಿ ವಿಷಯವಿದೆ, ಪ್ರಶ್ನೆಯಿಲ್ಲ. ಪ್ರಶ್ನೆಯಿಲ್ಲದವನು ಸಿಕ್ಕಿದ ಅಂಕಿಗಳನ್ನೆಲ್ಲ ರಾಶಿ ಹಾಕುತ್ತಾನೆ. ಹೀಗೆ ಕೇಳಿದರೆ ಹೇಗೆ? 'ಇಂತಿಷ್ಟು ವರ್ಷಗಳಲ್ಲಿ ನಮ್ಮ ಕಾಫಿ ರಫ್ತಿನ ಮೌಲ್ಯದಲ್ಲಾದ ಏರಿಕೆಗೆ ಪ್ರಮಾಣದ ಹೆಚ್ಚಳ ಎಷ್ಟು ಕಾರಣ, ಬೆಲೆಯ ಹೆಚ್ಚಳ ಎಷ್ಟು ಕಾರಣ?' ಈ ಪ್ರಶ್ನೆಗೆ ಪ್ರಕಟಿತ ಅಂಕಿಗಳಿಂದಲೇ ಉತ್ತರ ಹೇಳಬಹುದು. ಆದರೆ 'ಬೆಳೆಗಾರರಿಗೆ ಈಗಿನ ಮಾರಾಟ ವ್ಯವಸ್ಥೆ ತೃಪ್ತಿಕರವೇ?' ಎಂಬ ಪ್ರಶ್ನೆಗೆ ರಫ್ತಿನ ಕೋಷ್ಟಕ ಉತ್ತರ ಕೊಡಲಾರದು. ಅದಕ್ಕೆ ಕೊಡಗಿಗೋ ಚಿಕ್ಕಮಗಳೂರಿಗೋ ಹೋಗಿ ಬೆಳೆಗಾರರನ್ನೇ ಕೇಳಬೇಕು. ಯಾವ ಪ್ರಶ್ನೆಯನ್ನು ಕೇಳಬಾರದೆಂದು ನಿರ್ಧರಿಸುವುದೂ ಯೋಜನೆಯ ಭಾಗವೇ.

ಪ್ರಶ್ನೆ ಸಿದ್ಧವಾದೊಡನೆ ಕೊನೆಯ ಕೋಷ್ಟಕವನ್ನು ಖಾಲಿಯಾಗಿಯೇ ಬರೆದುಕೊಳ್ಳಿ. ಮೊದಲ ಅಂಕಣದಲ್ಲಿ ವರ್ಷ, ಎರಡನೆಯದರಲ್ಲಿ ಟನ್ನುಗಳಲ್ಲಿ ಪ್ರಮಾಣ, ಮೂರನೆಯದರಲ್ಲಿ ರೂಪಾಯಿಗಳಲ್ಲಿ ಮೌಲ್ಯ, ನಾಲ್ಕನೆಯದರಲ್ಲಿ ಟನ್ನಿಗೆ ದೊರೆತ ಬೆಲೆ. ಈ ಅಂಕಣಗಳನ್ನು ತುಂಬಲು ಏನು ಬೇಕೋ ಅದನ್ನು ಮಾತ್ರ ಹುಡುಕಿ. ಬೆಂಗಳೂರಿನ ಕಾಫಿ ಮಂಡಳಿಯ ಪ್ರಕಟಣೆಗಳು, ಕೋಲ್ಕತ್ತದಲ್ಲಿರುವ ವಾಣಿಜ್ಯ ಮಾಹಿತಿ ಮತ್ತು ಅಂಕಿ-ಅಂಶಗಳ ಮಹಾನಿರ್ದೇಶನಾಲಯದ ವಿದೇಶಿ ವ್ಯಾಪಾರದ ಅಂಕಿಗಳು, ವಿನಿಮಯ ದರಕ್ಕಾಗಿ ರಿಸರ್ವ್ ಬ್ಯಾಂಕಿನ ಕೈಪಿಡಿ: ಈ ಮೂರು ಆಕರಗಳು ಇಂಥ ಪ್ರಬಂಧಕ್ಕೆ ಸಾಕು.

ಆಕರಕ್ಕೆ ನಾಲ್ಕು ಪರೀಕ್ಷೆಗಳು

ಪ್ರತಿಯೊಂದು ಅಂಕಿಯನ್ನೂ ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಿ. ಎಣಿಸಿದ ಕಾಲ ಯಾವುದು? ಅಳತೆ ಯಾವುದು? ಎಣಿಸಿದ್ದು ಏನನ್ನು? ಎಣಿಸಿದವರು ಯಾರು, ಹೇಗೆ?

ಮೊದಲನೆಯದಾಗಿ ಕಾಲ. ನನ್ನ ಮೊದಲ ಪ್ರಬಂಧದಲ್ಲಿ ಕಾಫಿ ಉತ್ಪಾದನೆ ಮತ್ತು ರಫ್ತುಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಜೋಡಿಸಿ, ಇಷ್ಟು ಪಾಲು ರಫ್ತಾಯಿತೆಂದು ಹೆಮ್ಮೆಯಿಂದ ಬರೆದಿದ್ದೆ. ಪರೀಕ್ಷಕರು, "ನಿಮ್ಮ ವರ್ಷ ಯಾವ ತಿಂಗಳಲ್ಲಿ ಆರಂಭವಾಗುತ್ತದೆ?" ಎಂದು ಮಾತ್ರ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಕಾಫಿ ವರ್ಷ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗೆ, ಹಣಕಾಸು ವರ್ಷ ಏಪ್ರಿಲಿನಿಂದ ಮಾರ್ಚಿನವರೆಗೆ. ಜನವರಿಯಲ್ಲಿ ಕೊಯ್ದ ಹಣ್ಣು ಸಂಸ್ಕರಣಗೊಂಡು ಮೇ ತಿಂಗಳಲ್ಲಿ ಹಡಗನ್ನೇರಿದರೆ, ಕಾಫಿ ವರ್ಷ ಬದಲಾಗುವುದಿಲ್ಲ, ಹಣಕಾಸು ವರ್ಷ ಬದಲಾಗುತ್ತದೆ. ಕೆಲವು ರಫ್ತು ಕೋಷ್ಟಕಗಳು ಜನವರಿಯಿಂದ ಡಿಸೆಂಬರಿನ ಲೆಕ್ಕವನ್ನು ಅನುಸರಿಸುತ್ತವೆ. ಈ ಮೂರನ್ನೂ ಬೆರೆಸಿ ತೆಗೆದ ಶೇಕಡಾವಾರು ಯಾವ ವರ್ಷದ್ದೂ ಆಗಿರುವುದಿಲ್ಲ.

ಎರಡನೆಯದು ಅಳತೆ. ನಮ್ಮ ಪ್ರಕಟಣೆಗಳು ಮೆಟ್ರಿಕ್ ಟನ್ನುಗಳಲ್ಲಿ ಲೆಕ್ಕ ಕೊಟ್ಟರೆ, ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ 60 ಕಿಲೋಗ್ರಾಮಿನ ಮೂಟೆಗಳಲ್ಲಿ ಕೊಡುತ್ತದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ ಒಂದು ಕಿಲೋ ಇನ್‌ಸ್ಟಂಟ್ ಕಾಫಿಪುಡಿ 2.6 ಕಿಲೋ ಹಸಿರು ಬೀಜಕ್ಕೆ ಸಮ. ಕೋಷ್ಟಕದಲ್ಲಿರುವುದು ಪುಡಿಯ ತೂಕವೋ, ಬೀಜಕ್ಕೆ ಪರಿವರ್ತಿಸಿದ ತೂಕವೋ ಎಂಬುದನ್ನು ಅಡಿಟಿಪ್ಪಣಿ ಹೇಳುತ್ತದೆ. ಸಂಶೋಧಕನು ಕೋಷ್ಟಕಕ್ಕಿಂತ ಮೊದಲು ಅಡಿಟಿಪ್ಪಣಿಯನ್ನು ಓದಬೇಕು.

ಮೂರನೆಯದು ವ್ಯಾಖ್ಯೆ. ಸುಂಕದ ವರ್ಗೀಕರಣದಲ್ಲಿ ಕಾಫಿಬೀಜ 0901 ಎಂಬ ಶೀರ್ಷಿಕೆಯಡಿ ಬರುತ್ತದೆ. ಇನ್‌ಸ್ಟಂಟ್ ಕಾಫಿ 2101 ಎಂಬ ಬೇರೊಂದು ಶೀರ್ಷಿಕೆಯಡಿ, ಚಹಾದ ಸಾರ ಮುಂತಾದವುಗಳ ಜೊತೆಗೆ ಸೇರಿದೆ. ಮೊದಲನೆಯದನ್ನು ಮಾತ್ರ ನೋಡಿದವನಿಗೆ ರಫ್ತಿನ ಒಂದು ದೊಡ್ಡ ಭಾಗವೇ ಕಾಣುವುದಿಲ್ಲ. ವಿದೇಶದಿಂದ ಬೀಜ ತರಿಸಿ, ಇಲ್ಲಿ ಪುಡಿಮಾಡಿ ಮತ್ತೆ ಹೊರಗೆ ಕಳುಹಿಸುವ ಮರುರಫ್ತೂ ಒಟ್ಟು ಮೊತ್ತದಲ್ಲಿ ಸೇರಿದೆಯೇ ಎಂದು ನೋಡಬೇಕು. ಸಣ್ಣ ಉದ್ದಿಮೆಗಳನ್ನು ಕುರಿತು ಬರೆಯುವವರಿಗೂ ಇದೇ ಎಚ್ಚರ ಅಗತ್ಯ. 2006ರ ಕಾಯಿದೆಯ ಪ್ರಕಾರ ಯಂತ್ರೋಪಕರಣಗಳ ಮೇಲಿನ ಹೂಡಿಕೆ 25 ಲಕ್ಷ ರೂಪಾಯಿ ಮೀರದ ತಯಾರಿಕಾ ಘಟಕ 'ಅತಿಸಣ್ಣ' ಎನಿಸಿತ್ತು. 2020ರ ಜುಲೈಯಿಂದ ಈ ಮಿತಿ 1 ಕೋಟಿ ರೂಪಾಯಿ ಹೂಡಿಕೆ ಮತ್ತು 5 ಕೋಟಿ ರೂಪಾಯಿ ವಹಿವಾಟಾಯಿತು. 2025ರ ಏಪ್ರಿಲಿನಿಂದ ಅದು ಎರಡೂವರೆ ಕೋಟಿ ಹೂಡಿಕೆ ಮತ್ತು 10 ಕೋಟಿ ವಹಿವಾಟಿಗೆ ಏರಿತು. ಒಂದು ಹೊಸ ಕಾರ್ಖಾನೆಯೂ ತೆರೆಯದೆ 'ಅತಿಸಣ್ಣ' ಘಟಕಗಳ ಸಂಖ್ಯೆ ಹೀಗೆ ಬದಲಾಗಬಲ್ಲುದು.

ನಾಲ್ಕನೆಯದು ಎಣಿಕೆಯ ವಿಧಾನ. 1942ರ ಕಾಫಿ ಕಾಯಿದೆಯ ವ್ಯವಸ್ಥೆಯಲ್ಲಿ ಬೆಳೆಗಾರರು ತಮ್ಮ ಫಸಲನ್ನು ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಿತ್ತು. ಅದನ್ನು ಪೂಲ್ ಪದ್ಧತಿ ಎನ್ನುತ್ತಿದ್ದರು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಈ ಪದ್ಧತಿ 1996ರಲ್ಲಿ ಕೊನೆಗೊಂಡಿತು. ಅಲ್ಲಿಯವರೆಗೆ ಫಸಲಿನ ಬಹುಪಾಲು ಮಂಡಳಿಯ ತಕ್ಕಡಿಯನ್ನೇ ಹಾದುಹೋಗುತ್ತಿತ್ತು. ಅನಂತರ ಹೂ ಅರಳಿದ ಮೇಲೊಮ್ಮೆ, ಮಳೆಗಾಲದ ಬಳಿಕ ಇನ್ನೊಮ್ಮೆ ಮಾಡುವ ಅಂದಾಜುಗಳು, ಕೊನೆಗೆ ಅಂತಿಮ ಅಂದಾಜು, ಇವೇ ಉತ್ಪಾದನೆಯ ಮುಖ್ಯ ಆಧಾರವಾದವು. ಒಂದೇ ಅಂಕಣದಲ್ಲಿರುವ ಹಳೆಯ ಮತ್ತು ಹೊಸ ಅಂಕಿಗಳು ಒಂದೇ ಬಗೆಯವಲ್ಲ. ಮೊದಲ ಅಂದಾಜನ್ನು ಅಂತಿಮ ಅಂದಾಜಿನೊಂದಿಗೆ ಹೋಲಿಸುವುದೂ ತಪ್ಪು.

ಲೆಕ್ಕ ಮತ್ತು ಕಾರಣ

ಅಂಕಿಗಳು ಶುದ್ಧವಾದ ಮೇಲೆ ಲೆಕ್ಕ ಸುಲಭ. ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಕಳೆದ ವರ್ಷ 100 ಟನ್ ಕಾಫಿ ಟನ್ನಿಗೆ 1 ಲಕ್ಷ ರೂಪಾಯಿಯಂತೆ ಮಾರಾಟವಾಗಿ 1 ಕೋಟಿ ರೂಪಾಯಿ ಬಂದಿತು. ಈ ವರ್ಷ 90 ಟನ್ ಒಂದೂವರೆ ಲಕ್ಷದಂತೆ ಮಾರಾಟವಾಗಿ 1 ಕೋಟಿ 35 ಲಕ್ಷ ಬಂದಿತು. ರಫ್ತು ಶೇಕಡಾ 35ರಷ್ಟು ಏರಿತೆಂದು ಹೇಳುವವರೂ, ಶೇಕಡಾ 10ರಷ್ಟು ಇಳಿಯಿತೆಂದು ಹೇಳುವವರೂ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಹಣವನ್ನು ನೋಡಿದರು, ಇನ್ನೊಬ್ಬರು ಮೂಟೆಯನ್ನು ನೋಡಿದರು. ಎರಡನ್ನೂ ಬೇರ್ಪಡಿಸಿ ತೋರಿಸುವುದೇ ನಿಮ್ಮ ಪ್ರಬಂಧದ ಕೆಲಸ. ಡಾಲರಿನ ಎದುರು ರೂಪಾಯಿಯ ಮೌಲ್ಯ ಕುಸಿದಿದ್ದರೆ, ಅದರಿಂದ ಬಂದ ಏರಿಕೆಯನ್ನೂ ಪ್ರತ್ಯೇಕಿಸಬೇಕು.

ಇನ್ನು ಕಾರಣದ ವಿಚಾರ. ಮಾರಾಟ ಮುಕ್ತವಾಗುತ್ತಿದ್ದ ಅವಧಿಯಲ್ಲಿ ರಫ್ತಿನ ಮೌಲ್ಯ ಏರಿದ್ದನ್ನು ಕಂಡು, ಅದಕ್ಕೆ ಉದಾರೀಕರಣವೇ ಕಾರಣವೆಂದು ಬರೆಯುವ ಆತುರ ಸಹಜ. ಆದರೆ 1994ರಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳ ಮೇಲೆ ಹಿಮ ಬಿದ್ದು, ಜಗತ್ತಿನಾದ್ಯಂತ ಬೆಲೆ ಏರಿತ್ತು. 2001ರ ಸುಮಾರಿಗೆ ಅದೇ ಜಾಗತಿಕ ಬೆಲೆ ಪಾತಾಳಕ್ಕಿಳಿದಾಗ, ಇಲ್ಲಿ ಮುಕ್ತ ಮಾರಾಟವಿದ್ದೂ ಬೆಳೆಗಾರರು ಕಂಗೆಟ್ಟರು. ಎರಡು ಸಂಗತಿಗಳು ಒಂದೇ ವೇಳೆಗೆ ನಡೆದವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು.

ಹನ್ನೆರಡು ವಾರಗಳ ಹಂಚಿಕೆ

ಸಮಯವನ್ನು ಹೀಗೆ ಹಂಚಿಕೊಳ್ಳಬಹುದು. ಪ್ರಶ್ನೆಯನ್ನು ಕಿರಿದಾಗಿಸಿ ಮಾರ್ಗದರ್ಶಕರ ಒಪ್ಪಿಗೆ ಪಡೆಯಲು ಎರಡು ವಾರ. ಆಕರಗಳನ್ನು ಹುಡುಕಿ, ಬೇಕಾದ ವರ್ಷಗಳೆಲ್ಲ ದೊರೆಯುತ್ತವೆಯೇ ಎಂದು ಖಚಿತಪಡಿಸಿಕೊಳ್ಳಲು ಎರಡು ವಾರ. ನಡುವೆ ಒಂದು ವರ್ಷದ ಅಂಕಿ ಸಿಗದಿದ್ದರೆ ಪ್ರಶ್ನೆಯನ್ನೇ ತಿದ್ದಿಕೊಳ್ಳಲು ಆಗ ಕಾಲಾವಕಾಶವಿರುತ್ತದೆ. ಅಂಕಿಗಳನ್ನು ಬರೆದುಕೊಂಡು ನಾಲ್ಕು ಪರೀಕ್ಷೆಗಳಿಗೆ ಒಡ್ಡಲು ಮೂರು ವಾರ, ಲೆಕ್ಕಕ್ಕೆ ಎರಡು ವಾರ, ಬರವಣಿಗೆಗೆ ಎರಡು ವಾರ, ತಿದ್ದುಪಡಿಗೆ ಕೊನೆಯ ವಾರ. ಅಂಕಿಯನ್ನು ಬರೆದುಕೊಂಡ ದಿನವೇ ಆಕರದ ಹೆಸರು, ಪುಟ, ವರ್ಷ, ನೋಡಿದ ದಿನಾಂಕ ಇವನ್ನೂ ಬರೆದಿಡಿ. ಜಾಲತಾಣದ ಅಂಕಿಗಳು ಪರಿಷ್ಕೃತವಾಗುತ್ತಿರುತ್ತವೆ. ನೀವು ನೋಡಿದ ಅಂಕಿ ಯಾವುದೆಂಬುದಕ್ಕೆ ಆ ದಿನಾಂಕವೇ ಸಾಕ್ಷಿ.

ಎರಡು ಆಕರಗಳು ಪರಸ್ಪರ ಒಪ್ಪದಿದ್ದಾಗ, ಇಷ್ಟವಾದುದನ್ನು ಇಟ್ಟುಕೊಂಡು ಇನ್ನೊಂದನ್ನು ಮರೆಮಾಚಬೇಡಿ. ಎರಡನ್ನೂ ಕೊಟ್ಟು, ಭೇದಕ್ಕೆ ಕಾರಣವೇನಿರಬಹುದೆಂದು ವಿವರಿಸಿ. ದೊರೆಯದ ವರ್ಷದ ಜಾಗವನ್ನು ಖಾಲಿ ಬಿಡಿ. ಊಹೆಯಿಂದ ತುಂಬಿದ ಕೋಷ್ಟಕಕ್ಕಿಂತ, ಒಂದು ಮನೆ ಖಾಲಿಯಿರುವ ಪ್ರಾಮಾಣಿಕ ಕೋಷ್ಟಕ ಮೇಲು.

ಮಿತ್ರರೇ, ನಿಮ್ಮ ಪ್ರಬಂಧ ಕಪಾಟು ಸೇರಬಹುದು. ಆದರೆ ನಾಳೆ ನೀವು ಬ್ಯಾಂಕಿನಲ್ಲೋ ವ್ಯಾಪಾರದಲ್ಲೋ ಕುಳಿತಾಗ ಪ್ರತಿದಿನವೂ ಅನ್ಯರು ಎಣಿಸಿದ ಅಂಕಿಗಳು ನಿಮ್ಮ ಮುಂದೆ ಬರುತ್ತವೆ. ಸಾಲ ಕೊಡುವುದೂ ಸರಕು ಕೊಳ್ಳುವುದೂ ಅವುಗಳನ್ನೇ ನಂಬಿ. ಈ ವರ್ಷ, ಈ ಅಳತೆ, ಈ ವ್ಯಾಖ್ಯೆ, ಈ ವಿಧಾನ ಯಾವುದೆಂದು ಕೇಳುವ ಅಭ್ಯಾಸ ಈ ಹನ್ನೆರಡು ವಾರಗಳಲ್ಲಿ ನಿಮಗೆ ಬಂದರೆ, ಪ್ರಬಂಧದ ಶ್ರಮ ಸಾರ್ಥಕವಾಯಿತೆಂದೇ ಅರ್ಥ.